ಎರಡೂವರೆ ಸಾವಿರದ ಸ್ಮಾರ್ಟ್‌ವಾಚು, ಕಲಬುರಗಿಯ ಬಿಸಿಲು

ಸ್ಮಾರ್ಟ್‌ವಾಚ್ ತಗೋಬೇಕೋ ಬೇಡವೋ ಅಂತ ನಮ್ಮ ಸ್ಟಾಫ್ ರೂಮಿನಲ್ಲಿ ಕೇಳಿದವರಿಗೆಲ್ಲ ನಾನು ತಿರುಗಿ ಒಂದು ಪ್ರಶ್ನೆ ಕೇಳ್ತೀನಿ: ಫೋನ್ ಹತ್ತಿರದಲ್ಲೇ ಇದ್ದೂ ಕೈಗೆ ಸಿಗದ ಹೊತ್ತು ನಿಮಗೆ ದಿನದಲ್ಲಿ ಎಷ್ಟಿರ್ತದೆ? ಭಾಳ ಇದ್ದರೆ ತಗೊಳ್ಳಿ. ಮೇಜಿನ ಮೇಲೆ ಫೋನ್ ಇಟ್ಟುಕೊಂಡು ದಿನವಿಡೀ ಕುರ್ಚಿಯಲ್ಲಿ ಕೂರುವ ಕೆಲಸವಾದರೆ ಅದೇ ದುಡ್ಡಿಗೆ ತೋಳಿಗೆ ಪಟ್ಟಿ ಕಟ್ಟುವ ಒಳ್ಳೇ ಬಿಪಿ ಮಷೀನ್ ಬರ್ತದೆ, ಅದನ್ನ ತಗೊಳ್ಳಿ. ಇಷ್ಟು ಸಾಕು ಅನ್ನುವವರು ಇಲ್ಲಿಗೇ ಓದು ನಿಲ್ಲಿಸಬಹುದು. ಯಾಕೆ ಅಂತ ಕೇಳುವವರಿಗೆ ಮುಂದಿದೆ. ಉದ್ದ ಆಗಿದೆ, ವಿಜ್ಞಾನದ ಟೀಚರ್ ಬರೆದದ್ದು ಅಂತ ಸಹಿಸಿಕೊಳ್ಳಿ.

ನನ್ನ ಮನೆ ಸೇಡಂ ರಸ್ತೆ ಕಡೆ. ಸಾಲಿ ಇರೋದು ಜೇವರ್ಗಿ ರಸ್ತೆಯ ಒಂದು ಹಳ್ಳಿಯಲ್ಲಿ. ನಡುವೆ ಸರಕಾರಿ ಬಸ್ಸು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮಗೆ ಟಿಕೆಟ್ ಖರ್ಚು ಉಳೀತು, ಸೀಟು ಹೋಯ್ತು. ಒಂದು ಕೈ ಮೇಲಿನ ಕಂಬಿಗೆ, ಇನ್ನೊಂದು ಬ್ಯಾಗಿನ ಜಿಪ್ಪಿನ ಮೇಲೆ. ಆ ಗದ್ದಲದಲ್ಲಿ ಫೋನ್ ಹೊರಗೆ ತೆಗೆಯೋದು ಅಂದರೆ ಕಳ್ಳರಿಗೆ ಕರೆದು ಕೊಟ್ಟಂಗೆ. ಸಾಲಿಗೆ ಹೋದ ಮೇಲೆ ಫೋನ್ ಸೈಲೆಂಟಾಗಿ ಸ್ಟಾಫ್ ರೂಮಿನ ಕಪಾಟಿನಲ್ಲಿ. ಮನೆಯಲ್ಲಿ ಸಂಜೆ ಎರಡೂ ಕೈ ಜೋಳದ ಹಿಟ್ಟಿನಲ್ಲಿ. ಅವ್ವ ಆಳಂದ ಕಡೆ ಹಳ್ಳಿಯಲ್ಲಿ ಒಬ್ಬಳೇ ಇರ್ತಾಳೆ. ಅವಳು ಫೋನ್ ಮಾಡುವ ಹೊತ್ತು ಸರಿಯಾಗಿ ಈ ಮೂರರಲ್ಲಿ ಒಂದು. ಎತ್ತದಿದ್ದರೆ ಗಾಬರಿಯಾಗಿ ಪಕ್ಕದ ಮನೆಯವರಿಂದ ಮಾಡಿಸ್ತಾಳೆ. ವಾಚಿನ ಯೋಚನೆ ಬಂದದ್ದು ಇದಕ್ಕೆ. ಹೃದಯ ಬಡಿತ, ನಿದ್ದೆ, ಕ್ಯಾಲರಿ ಇವೆಲ್ಲ ಡಬ್ಬಿಯ ಮೇಲೆ ಬರೆದಿತ್ತು, ನಾನು ಕೇಳಿರಲಿಲ್ಲ.

ಬ್ರ್ಯಾಂಡಿನ ಹೆಸರು ಹೇಳಲ್ಲ. ಈ ದರದ ವಾಚುಗಳ ಮಾಡೆಲ್ ಆರು ತಿಂಗಳಿಗೊಮ್ಮೆ ಬದಲಾಗ್ತಾವೆ, ನಾನು ತಗೊಂಡದ್ದು ನೀವು ಹೋಗುವ ಹೊತ್ತಿಗೆ ಅಂಗಡಿಯಲ್ಲಿ ಇರಲಿಕ್ಕಿಲ್ಲ. ಅದಕ್ಕಿಂತ ಅಂಗಡಿಯಲ್ಲಿ ನಿಂತು ಏನೇನು ನೋಡಬೇಕು ಅನ್ನೋದು ಹೇಳಿದರೆ ಉಪಯೋಗ.

ಸೂಪರ್ ಮಾರ್ಕೆಟ್ ಕಡೆ ಮೊಬೈಲ್ ಅಂಗಡಿಗಳು ಸಾಲಾಗಿವೆ. ನಾನು ಹೋದ ಅಂಗಡಿಯ ಹುಡುಗ ಭಾಳ ಚುರುಕು. "ಟೀಚರ್, ಇದ್ರಾಗ ಎಲ್ಲಾ ಅದರಿ. ಬಿಪಿ ಅದ, ಆಕ್ಸಿಜನ್ ಅದ, ನಿದ್ದಿ ಅದ, ಕ್ಯಾಮೆರಾ ಬಟನ್ ಭೀ ಅದ" ಅಂತ ಮೂರು ಡಬ್ಬಿ ಇಟ್ಟ. ನಾನು ಬ್ಯಾಗಿನಿಂದ ಊಟದ ಡಬ್ಬಿ ಸುತ್ತುವ ಬಟ್ಟೆ ತೆಗೆದು ಬಿಗಿಯಾಗಿ ಸುರುಳಿ ಸುತ್ತಿ, ಅದರ ಮೇಲೆ ಒಂದು ವಾಚು ಕಟ್ಟಿ ಬಟನ್ ಒತ್ತಿದೆ. ಹಸಿರು ದೀಪ ಮಿಣಮಿಣ ಅಂದಿತು. ಸ್ವಲ್ಪ ಹೊತ್ತಿಗೆ ಬಡಿತ 78, ಬಿಪಿ 118/76 ಅಂತ ತೋರಿಸ್ತು. ಹುಡುಗ ನಕ್ಕುಬಿಟ್ಟ: "ಬಟ್ಟಿಗಿ ಬಿಪಿ ನಾರ್ಮಲ್ ಅದ ನೋಡ್ರಿ." ಎರಡನೇದು ಬಡಿತ ತೋರಿಸ್ತು, ಬಿಪಿ ಇರಲಿಲ್ಲ. ಮೂರನೇದು ಗೆರೆ ಹಾಕಿ, ಸರಿಯಾಗಿ ಕಟ್ಟಿಕೊಳ್ಳಿ ಅಂತ ಹೇಳಿತು. ಮೂರನೇದನ್ನ ಪಕ್ಕಕ್ಕಿಟ್ಟೆ. ಬಟ್ಟೆಗೆ ನಾಡಿ ಹುಡುಕುವ ವಾಚು ಪೂರ್ತಿ ಸುಳ್ಳು ಅಂತಲ್ಲ, ಬೆಳಕು ಹೇಗೋ ತಿರುಗಿ ಬಂದರೆ ಸೆನ್ಸರ್‌ಗೆ ಗೊಂದಲ ಆಗೋದು ದುಬಾರಿ ವಾಚಿನಲ್ಲೂ ಇದೆ. ಆದರೆ ಗೊತ್ತಿಲ್ಲದಿದ್ದಾಗ ಗೊತ್ತಿಲ್ಲ ಅನ್ನುವ ವಾಚಿಗೆ ನನ್ನ ಮಾರ್ಕ್ಸ್ ಹೆಚ್ಚು.

ಆಮೇಲೆ ಕನ್ನಡದ ಪರೀಕ್ಷೆ. ಇದನ್ನ ಯಾವ ವಿಡಿಯೋದಲ್ಲೂ ಯಾರೂ ಮಾಡಿ ತೋರಿಸಿದ್ದು ನಾನು ನೋಡಿಲ್ಲ, ನಮಗೆ ಬೇಕಾದ್ದು ಇದೇ. ವಾಚಿಗೆ ಬರುವ ಮೆಸೇಜುಗಳಲ್ಲಿ ನನಗೆ ಮುಖ್ಯವಾದವೆಲ್ಲ ಕನ್ನಡದವು: ನಮ್ಮ ಕಡೆಯ ಸಾಲಿಗಳನ್ನ ನೋಡಿಕೊಳ್ಳುವ ಸಿಆರ್‌ಪಿ ಗ್ರೂಪಿನ ಸುತ್ತೋಲೆ, ಅಡುಗೆಯವರ ರಜೆ, ತಮ್ಮನ ಹೆಂಡತಿ ಕಳಿಸುವ ಅವ್ವನ ಸುದ್ದಿ. ಅಂಗಡಿಯಲ್ಲೇ ವಾಚನ್ನ ಫೋನಿಗೆ ಜೋಡಿಸಿ, ಮನೆಯವರಿಗೆ ಹೇಳಿ ಒಂದು ವಾಟ್ಸಾಪ್ ಕಳಿಸಲಿಕ್ಕೆ ಹೇಳಿದೆ: "ಶಿಕ್ಷಕರ ವರ್ಗಾವಣೆ, ರಾಷ್ಟ್ರೀಯ, ಸ್ತ್ರೀ, ಜ್ಞಾನ." ಒಂದನೇ ವಾಚಿನಲ್ಲಿ ಬರೀ ಚೌಕ ಚೌಕ. ಎರಡನೇದರಲ್ಲಿ ಅಕ್ಷರ ಬಂದವು, ಒತ್ತಕ್ಷರ ಎಲ್ಲ ಬಿಚ್ಚಿಕೊಂಡು ನಿಂತಿದ್ದವು: "ಶಿಕ್‌ಷಕರ ವರ್‌ಗಾವಣೆ." ಇಪ್ಪತ್ತು ವರ್ಷ ನೌಕರಿ ಮಾಡಿದ ಟೀಚರ್‌ಗೆ ವರ್ಗಾವಣೆ ಅನ್ನೋ ಪದವನ್ನೇ ತೋರಿಸಲಿಕ್ಕೆ ಬರದ ವಾಚು ಕಟ್ಟಿ ಏನು ಮಾಡಲಿ?

ಇದು ಬರೀ ಫಾಂಟ್ ಇಲ್ಲದ ಸಮಸ್ಯೆ ಅಲ್ಲ. ವರ್ಗಾವಣೆಯ "ರ್ಗಾ" ಫೋನಿನ ಒಳಗೆ ಇರುವ ಕ್ರಮ ಬೇರೆ: ಮೊದಲು ರ, ಆಮೇಲೆ ಅದರ ಸ್ವರ ಕತ್ತರಿಸುವ ಗುರುತು, ಆಮೇಲೆ ಗ, ಕೊನೆಗೆ ದೀರ್ಘ. ತೆರೆಯ ಮೇಲೆ ಬರೆಯುವಾಗ ಗಾ ಮೊದಲು ಬಂದು, ಅರ್ಕಾವೊತ್ತು ಅದರ ಬಲಕ್ಕೆ ಕೂರಬೇಕು. ಈ ಹಿಂದುಮುಂದು ಮಾಡುವ ಕೆಲಸಕ್ಕೆ ಒಂದು ಪ್ರತ್ಯೇಕ ತಂತ್ರಾಂಶ ಬೇಕು. ಫೋನಿನಲ್ಲಿ ಅದು ಇರ್ತದೆ. ಅಗ್ಗದ ವಾಚಿನಲ್ಲಿರೋದು ಪುಟ್ಟ ಚಿಪ್ಪು, ಕಡಿಮೆ ಮೆಮೊರಿ. ಅಲ್ಲಿ ಕಂಪನಿಯವರು ಉಳಿಸಿಬಿಡ್ತಾರೆ. ಇಂಗ್ಲಿಷಿಗೆ ಈ ತಂಟೆ ಇಲ್ಲ, ಹಾಗಾಗಿ ಮಾಡಿದವರ ಗಮನಕ್ಕೂ ಬರೋದಿಲ್ಲ. ಗೂಗಲ್‌ನ ವೇರ್ ಓಎಸ್ ತಂತ್ರಾಂಶ ಇರುವ ವಾಚುಗಳು ಫೋನಿನ ಹಂಗೇ ಕನ್ನಡ ಬಿಡಿಸ್ತಾವೆ, ಅವುಗಳ ದರ ಬೇರೆ. ನನ್ನ ಪುಣ್ಯಕ್ಕೆ ಬಟ್ಟೆ ಪರೀಕ್ಷೆಯಲ್ಲಿ ಪಾಸಾದ ಮೂರನೇ ವಾಚು ಕನ್ನಡದಲ್ಲೂ ಪಾಸಾಯ್ತು. "ರಾಷ್ಟ್ರೀಯ"ದ ಕೆಳಗಿನ ಒತ್ತುಗಳು ಸ್ವಲ್ಪ ಇಕ್ಕಟ್ಟಾಗಿ ಕೂತಿದ್ದವು, ಓದಲಿಕ್ಕೆ ಅಡ್ಡಿ ಇರಲಿಲ್ಲ.

ಇನ್ನೊಂದು, ವಾಚನ್ನ ಹಿಡಿದುಕೊಂಡು ಅಂಗಡಿಯ ಹೊರಗೆ ರಸ್ತೆಗೆ ಬನ್ನಿ. ಟ್ಯೂಬ್‌ಲೈಟ್ ಕೆಳಗೆ ಎಲ್ಲ ತೆರೆಯೂ ಚಂದ. ನಮ್ಮ ಮಧ್ಯಾಹ್ನದ ಬಿಸಿಲಲ್ಲಿ ಹಳೇ ನಮೂನೆಯ ಎಲ್‌ಸಿಡಿ ತೆರೆ ಕನ್ನಡಿಯಾಗಿಬಿಡ್ತದೆ, ಟೈಮ್ ನೋಡಲಿಕ್ಕೆ ಹೋದರೆ ನಿಮ್ಮ ಮೂಗು ಕಾಣ್ತದೆ. ಅಮೊಲೆಡ್ ತೆರೆಯಲ್ಲಿ ಪ್ರತಿ ಚುಕ್ಕಿಯೂ ತಾನೇ ಬೆಳಗ್ತದೆ, ಹಿಂದೆ ಬೇರೆ ದೀಪ ಬೇಕಿಲ್ಲ. ಕಪ್ಪು ಕಪ್ಪಾಗೇ ಉಳಿಯೋದರಿಂದ ಅಂಕಿ ಎದ್ದು ಕಾಣ್ತಾವೆ. ಈಗ ಎರಡು-ಎರಡೂವರೆ ಸಾವಿರಕ್ಕೇ ಅಮೊಲೆಡ್ ಸಿಗ್ತದೆ, ಹಂಗಾಗಿ ಈ ಊರಲ್ಲಿ ಎಲ್‌ಸಿಡಿ ತಗೊಳ್ಳುವ ಕಾರಣವೇ ಇಲ್ಲ.

ಬಿಸಿಲಿನ ಮಾತು ಬಂತಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಕಡೆ ಸರಕಾರಿ ಕಚೇರಿ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಮನುಷ್ಯರಿಗೇ ಬೇರೆ ಟೈಮ್‌ಟೇಬಲ್ ಮಾಡಿದ ಬಿಸಿಲಿದು, ಪಾರಾ 40 ದಾಟೋದು ಸುದ್ದಿಯೇ ಅಲ್ಲ. ಆಪಲ್ ಕಂಪನಿ ತನ್ನ ಮಾಮೂಲಿ ವಾಚುಗಳನ್ನ ಸುತ್ತಲ ಉಷ್ಣಾಂಶ 0ಯಿಂದ 35 ಡಿಗ್ರಿ ಒಳಗೆ ಬಳಸಿ ಅಂತ ಹೇಳ್ತದೆ. ನಮ್ಮಲ್ಲಿ ಆ 35 ಬೆಳಗಿನ ನಾಷ್ಟಾ ಮುಗಿಯೋದರೊಳಗೇ ಬಂದಿರ್ತದೆ. ಲಿಥಿಯಂ ಬ್ಯಾಟರಿಗೆ ಶಾಖವೇ ಶತ್ರು, ಅದರಲ್ಲೂ ಚಾರ್ಜ್ ಆಗುವಾಗಿನ ಶಾಖ. ಹಂಗಾಗಿ ನಾನು ವಾಚನ್ನ ಬೆಳಗಿನ ಜಾವ ಕೂಲರ್ ಮುಂದೆ ಚಾರ್ಜಿಗೆ ಇಡ್ತೀನಿ. ಬೇಸಿಗೆ ಪೂರ್ತಿ ಕಟ್ಟಿದೆ, ಬಂದ್ ಬಿದ್ದಿಲ್ಲ. ಮಧ್ಯಾಹ್ನ ಬಸ್ಸಿನ ಕಿಟಕಿ ಪಕ್ಕ ಕೂತಾಗ ಒಮ್ಮೊಮ್ಮೆ ತೆರೆ ತಾನಾಗೇ ಮಂಕಾಗ್ತದೆ. ಬಿಸಿ ಕಡಿಮೆ ಮಾಡಿಕೊಳ್ಳಲಿಕ್ಕೆ ಅದು ಮಾಡಿಕೊಳ್ಳುವ ಉಪಾಯ.

ಬೆವರು ಬೇರೆ ಕತೆ. ವಾಚಿನ ಜೊತೆ ಬರುವ ಸಿಲಿಕಾನ್ ಪಟ್ಟಿಯ ಕೆಳಗೆ ಬೆವರು ನಿಂತು, ಸಂಜೆ ಬಿಚ್ಚಿದರೆ ಒಳಬದಿಗೆ ಬಿಳಿ ಉಪ್ಪಿನ ಗೆರೆ, ಮಣಿಕಟ್ಟಿನ ಮೇಲೆ ಕೆಂಪು ಗುಳ್ಳೆ. ಸಣ್ಣ ಸಣ್ಣ ತೂತಿರುವ ನೈಲಾನ್ ಪಟ್ಟಿ ಹಾಕಿದ ಮೇಲೆ ಆರಾಮ ಆಯ್ತು. ಹಿಂಬದಿಯಲ್ಲಿ ಚಾರ್ಜರ್ ಕೂರುವ ಎರಡು ತಾಮ್ರಬಣ್ಣದ ಚುಕ್ಕೆ ಇವೆ ನೋಡಿ, ಅಲ್ಲೂ ಬೆವರಿನ ಉಪ್ಪು ಕೂತು ಹಸಿರು ಕಿಲುಬು ಬರಲಿಕ್ಕೆ ಹತ್ತಿತ್ತು. ದಿನಾ ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ಆಮೇಲೆ ಚಾರ್ಜಿಗೆ. ಡಬ್ಬಿಯ ಮೇಲಿನ ಐಪಿ 68 ಅಂದರೆ ಧೂಳಿಗೂ ಸಿಹಿನೀರಿಗೂ ಹೆದರಬೇಕಿಲ್ಲ ಅಂತ. ಬಿಸಿನೀರು, ಸಾಬೂನಿನ ನೊರೆ, ಬೆವರಿನ ಉಪ್ಪಿಗೆ ಆ ಪರೀಕ್ಷೆ ಮಾಡಿರೋದಿಲ್ಲ.

ಈಗ ಹೆಜ್ಜೆ ಲೆಕ್ಕಕ್ಕೆ ಬರ್ತೀನಿ. ಕಟ್ಟಿದ ಹೊಸದರಲ್ಲಿ ಒಂದು ಸಂಜೆ ರೊಟ್ಟಿ ಬಡೀತಿದ್ದಾಗ ಮಣಿಕಟ್ಟು ಗುರ್ ಅಂತು. ನೋಡಿದರೆ ಪಟಾಕಿ ಹಾರಿಸ್ತಿದೆ: ಇವತ್ತಿನ ಗುರಿ ಮುಟ್ಟಿದಿರಿ! ನಾನು ಒಲೆ ಬಿಟ್ಟು ಕದಲಿರಲಿಲ್ಲ. ವಾಚಿನೊಳಗೆ ಚಲನೆ ಅಳೆಯುವ ಸಣ್ಣ ಸೆನ್ಸರ್ ಇರ್ತದೆ, ಅಕ್ಸೆಲೆರೋಮೀಟರ್. ನಡೆಯುವಾಗ ಕೈ ಬೀಸಿದ ಲಯ ನೋಡಿ ಅದು ಹೆಜ್ಜೆ ಎಣಿಸ್ತದೆ. ಜೋಳದ ರೊಟ್ಟಿ ಬಡಿಯುವ ಲಯವೂ ಅದೇ, ಸೆಕೆಂಡಿಗೆ ಸುಮಾರು ಎರಡು ಏಟು. ಅಂಗೈ ಚಪ್ಪಟೆ ಮಾಡಿ ತಟ್ಟುತ್ತಾ, ಇನ್ನೊಂದು ಕೈಯಿಂದ ರೊಟ್ಟಿ ತಿರುಗಿಸ್ತಾ, ಮತ್ತೆ ತಟ್ಟುತ್ತಾ ಹೋದರೆ ವಾಚಿಗೆ ನಾನು ಪಬ್ಲಿಕ್ ಗಾರ್ಡನ್ನಿನಲ್ಲಿ ಜೋರಾಗಿ ನಡೀತಿದ್ದೀನಿ. ಎಡಗೈಗೆ ಕಟ್ಟಿದರೆ ಲೆಕ್ಕ ಕಡಿಮೆ ಬರ್ತದೆ, ಯಾಕಂದರೆ ನಾನು ಬಡಿಯೋದು ಬಲಗೈಯಲ್ಲಿ. ತರಗತಿಯಲ್ಲಿ ಇದು ಉಲ್ಟಾ. ಪುಸ್ತಕ ಹಿಡಿದ ಕೈ ಎದೆ ಮಟ್ಟದಲ್ಲಿ ಗಟ್ಟಿಯಾಗಿರ್ತದೆ, ಬೆಂಚುಗಳ ನಡುವೆ ಎಷ್ಟು ಓಡಾಡಿದರೂ ವಾಚಿಗೆ ಕಾಣೋದಿಲ್ಲ. ಮಕ್ಕಳಿಗೆ ಇದನ್ನ ತೋರಿಸಿದೆ, ಚಲನೆಯ ಪಾಠಕ್ಕೆ ಇಷ್ಟು ಒಳ್ಳೇ ಉದಾಹರಣೆ ಪುಸ್ತಕದಲ್ಲಿಲ್ಲ. ಆಮೇಲೆ ಹಿಂದಿನ ಬೆಂಚಿನ ಹುಡುಗರು ಕೈ ಅಲ್ಲಾಡಿಸ್ತಾ "ಟೀಚರ್, ನಾ ಸೇಡಂಗ ಹೋಗಿ ಬಂದೆ" ಅಂತ ಒಂದು ವಾರ ಕಾಡಿದರು.

ಆ ದಿನಕ್ಕೆ 10,000 ಹೆಜ್ಜೆ ಅನ್ನುವ ಗುರಿಯನ್ನ ಯಾವ ಡಾಕ್ಟರೂ ನಿಗದಿ ಮಾಡಿದ್ದಲ್ಲ. 1965ರಲ್ಲಿ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಯಂತ್ರ ಮಾರಲಿಕ್ಕೆ ಹಿಡಿದ ಅಂಕಿ ಅದು. 2019ರಲ್ಲಿ ಅಮೆರಿಕದಲ್ಲಿ ಸರಾಸರಿ 72 ವಯಸ್ಸಿನ 16 ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳ ಮೇಲೆ ಮಾಡಿದ ಅಧ್ಯಯನ ಪ್ರಕಟ ಆಯ್ತು. ದಿನಕ್ಕೆ 4,400 ಹೆಜ್ಜೆ ಹಾಕುವವರಲ್ಲೇ 2,700 ಹಾಕುವವರಿಗಿಂತ ಸಾವು ಕಡಿಮೆ ಇತ್ತು, 7,500ರ ಸುಮಾರಿಗೆ ಬಂದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. ನಮ್ಮೂರಿನ ಅಪ್ಪನ ಕೆರೆ ಸುತ್ತ ಬೆಳಿಗ್ಗೆ ವಾಚು ನೋಡ್ತಾ 9,400 ಆದ ಮೇಲೆ ಗೇಟಿನ ಹತ್ತಿರ ನಿಂತಲ್ಲೇ ಕುಣಿಯುವವರಿಗೆ ಇದನ್ನ ಹೇಳಬೇಕು ಅನ್ನಿಸ್ತದೆ, ಹೇಳೋದಿಲ್ಲ. ಕ್ಯಾಲರಿ ಅಂಕಿಯನ್ನಂತೂ ನೋಡಲೇಬೇಡಿ. 2017ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಏಳು ಸಾಧನಗಳನ್ನ ಪರೀಕ್ಷೆ ಮಾಡಿದರು. ಹೃದಯ ಬಡಿತದಲ್ಲಿ ಆರು ಸಾಧನಗಳು ಚಲೋ ಇದ್ದವು, 5 ಶೇಕಡಾ ಒಳಗಿನ ತಪ್ಪು. ಕ್ಯಾಲರಿಯಲ್ಲಿ ಎಲ್ಲಕ್ಕಿಂತ ಒಳ್ಳೇದೇ ಸರಾಸರಿ 27 ಶೇಕಡಾ ತಪ್ಪಿತು, ಕೆಟ್ಟದ್ದು 93.

ಬಡಿತದ ಅಂಕಿಯನ್ನ ನಾನು ನಂಬ್ತೀನಿ, ಒಂದು ಷರತ್ತಿನ ಮೇಲೆ. ರಕ್ತ ಹಸಿರು ಬೆಳಕನ್ನ ಹೀರ್ತದೆ. ಹೃದಯ ಒಮ್ಮೆ ಬಡಿದಾಗ ಮಣಿಕಟ್ಟಿನ ಸಣ್ಣ ನಾಳಗಳಿಗೆ ರಕ್ತ ಉಕ್ಕಿ ಬಂದು ಹೆಚ್ಚು ಬೆಳಕು ಒಳಗೇ ಉಳೀತದೆ, ಎರಡು ಬಡಿತದ ನಡುವೆ ಕಡಿಮೆ. ವಾಪಸ್ ಬಂದ ಬೆಳಕಿನ ಏರಿಳಿತ ಎಣಿಸಿದರೆ ನಾಡಿ. ಸುಮ್ಮನೆ ಕೂತಿದ್ದಾಗ ಬೆರಳಿಟ್ಟು 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿದ್ದಕ್ಕೂ ವಾಚಿಗೂ ಒಂದೆರಡು ಬಡಿತದ ವ್ಯತ್ಯಾಸ, ಅಷ್ಟೇ. ಪಟ್ಟಿ ಸಡಿಲ ಇದ್ದರೆ ಹೊರಗಿನ ಬೆಳಕು ನುಗ್ತದೆ, ಕೈ ಅಲ್ಲಾಡಿದರೆ ಅಂಕಿ ತಪ್ತದೆ, ಬಳೆ ಒತ್ತಿದರೂ ತಪ್ತದೆ. ಹಂಗಾಗಿ ಬೆಳಿಗ್ಗೆ ಎದ್ದ ಕೂಡಲೇ ಬರುವ ಅಂಕಿ ಒಂದನ್ನೇ ನೋಡ್ತೀನಿ. ಜ್ವರ ಬರುವ ಹಿಂದಿನ ದಿನ ಅದು ಏರಿತ್ತು, ಇಷ್ಟು ಉಪಯೋಗ ಖರೆ.

ಆಕ್ಸಿಜನ್ ಅಂಕಿ ಕೊರೊನಾ ಕಾಲದ ಭಯದಿಂದ ಮಾರಾಟ ಆದ ಸೌಲಭ್ಯ. ಬೆರಳಿಗೆ ಹಾಕುವ ಆಸ್ಪತ್ರೆಯ ಯಂತ್ರವೇ ಕಪ್ಪು ಚರ್ಮದವರಲ್ಲಿ ಕಡಿಮೆ ಆಕ್ಸಿಜನ್ ಇದ್ದರೂ ಗುರುತಿಸದೇ ಹೋಗೋದು ಹೆಚ್ಚು ಅಂತ 2020ರಲ್ಲಿ ಅಮೆರಿಕದ ಸಂಶೋಧನೆ ತೋರಿಸಿತು. ಮಣಿಕಟ್ಟಿನ ಆಟಿಕೆಯಿಂದ ಹೆಚ್ಚು ನಿರೀಕ್ಷೆ ಬೇಡ. ನಿದ್ದೆಯದೂ ಇಷ್ಟೇ: ರಾತ್ರಿ ಕರೆಂಟ್ ಹೋಗಿ, ಬೆವರಿನಲ್ಲಿ ಕಣ್ಣು ಬಿಟ್ಟುಕೊಂಡು ಅಲ್ಲಾಡದೇ ಮಲಗಿದ್ದೆ. ಬೆಳಿಗ್ಗೆ ವಾಚು ಹೇಳಿತು, ಗಾಢ ನಿದ್ದೆ, 84 ಮಾರ್ಕ್ಸ್.

ಬಿಪಿ ಮತ್ತು ಶುಗರ್ ವಿಷಯ ಇಷ್ಟು ಹಗುರವಾಗಿ ಬಿಡುವಂಗಿಲ್ಲ. ನಮ್ಮ ಸಾಲಿಯ ಪಿಟಿ ಮಾಸ್ತರರ ತಂದೆಗೆ ಎರಡೂ ಇವೆ. ಮಗ ಆನ್‌ಲೈನಿನಲ್ಲಿ "ಚುಚ್ಚದೇ ಶುಗರ್ ನೋಡುವ ವಾಚು" ಅಂತ ಒಂದನ್ನ ನೋಡಿ ಅಪ್ಪನಿಗೆ ಕೊಡಿಸಲಿಕ್ಕೆ ಹೊರಟಿದ್ದರು. ನಾನು ಅಡ್ಡ ಬಂದೆ. ಚರ್ಮ ಚುಚ್ಚದೇ ತಾನೇ ರಕ್ತದ ಸಕ್ಕರೆ ಅಳೆಯುವ ವಾಚನ್ನಾಗಲಿ ಉಂಗುರವನ್ನಾಗಲಿ ತಾನು ಒಪ್ಪಿಲ್ಲ, ಬಳಸಬೇಡಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಎಚ್ಚರಿಕೆ ಕೊಟ್ಟಿದೆ. ಕಾರಣವನ್ನೂ ಹೇಳಿತು: ತಪ್ಪು ಅಂಕಿ ನಂಬಿ ಇನ್ಸುಲಿನ್ ಹೆಚ್ಚು ತಗೊಂಡರೆ ಜೀವಕ್ಕೇ ಅಪಾಯ. ತೋಳಿಗೆ ಅಂಟಿಸುವ ಬಿಲ್ಲೆಯಂಥ ಸೆನ್ಸರ್‌ಗಳು ಬೇರೆ, ಅವುಗಳ ಎಳೆ ಚರ್ಮದ ಕೆಳಗೆ ಹೋಗ್ತದೆ, ಕೆಲಸ ಮಾಡ್ತಾವೆ, ಒಂದೆರಡು ವಾರಕ್ಕೆ ಬದಲಿಸಬೇಕು.

ಬಿಪಿಯೂ ಹಂಗೇ. ಖರೆ ಬಿಪಿ ನೋಡಬೇಕಾದರೆ ತೋಳಿನ ಪಟ್ಟಿ ಉಬ್ಬಿ ರಕ್ತನಾಳವನ್ನ ಒತ್ತಿ ಹಿಡಿದು, ಮೆಲ್ಲಗೆ ಬಿಡಬೇಕು. ಎರಡೂವರೆ ಸಾವಿರದ ವಾಚಿನಲ್ಲಿ ಉಬ್ಬುವ ಜಾಗವೇ ಇಲ್ಲ, ಅದು ನಾಡಿಯ ಅಲೆ ನೋಡಿ ಅಂದಾಜು ಹೊಡೀತದೆ. ಸ್ಯಾಮ್‌ಸಂಗ್‌ನ ದುಬಾರಿ ಗ್ಯಾಲಕ್ಸಿ ವಾಚಿನಲ್ಲೂ ಬಿಪಿ ನೋಡಬೇಕಾದರೆ 28 ದಿನಕ್ಕೊಮ್ಮೆ ಪಟ್ಟಿಯ ಮಷೀನ್ ಜೊತೆ ಹೊಂದಿಸಿಕೊಳ್ಳಬೇಕು ಅನ್ನೋದು ಕಂಪನಿಯದೇ ಮಾತು. ಅಂದ ಮೇಲೆ ಆ ಮಷೀನ್ ಮನೆಯಲ್ಲಿ ಇರಲೇಬೇಕಾಯ್ತು. ಹಾಗಿದ್ದರೆ ಅದನ್ನೇ ಮೊದಲು ತಗೊಳ್ಳೋದು. ಮಾಸ್ತರರು ಮೆಡಿಕಲ್ ಅಂಗಡಿಯಲ್ಲಿ ಮಷೀನ್ ತಗೊಂಡರು, ಅಪ್ಪ ಈಗ ದಿನಾ ಬೆಳಿಗ್ಗೆ ನೋಟ್‌ಬುಕ್ಕಿನಲ್ಲಿ ಬರೆದಿಡ್ತಾರಂತೆ.

ಇಸಿಜಿ ಇರುವ ವಾಚುಗಳ ಬಗ್ಗೆ ನನಗೆ ಗೌರವ ಇದೆ. ಆಪಲ್ 2018ರಲ್ಲಿ ಸೀರೀಸ್ 4ರಲ್ಲಿ ತಂದಾಗ ಎಫ್‌ಡಿಎ ಅನುಮತಿ ಪಡೆದೇ ತಂದಿತು. ಬೆಳಕಿನ ಅಂದಾಜಲ್ಲ ಅದು, ಒಂದು ಕೈಯ ಮಣಿಕಟ್ಟು ಮತ್ತು ಇನ್ನೊಂದು ಕೈಯ ಬೆರಳಿನ ನಡುವೆ ಹೃದಯದ ವಿದ್ಯುತ್ತನ್ನೇ ಹಿಡೀತದೆ. ಬಡಿತದ ಲಯ ಕೆಟ್ಟಿದ್ದರೆ ಸುಳಿವು ಕೊಡ್ತದೆ. ಆದರೆ ಹೃದಯಾಘಾತವನ್ನ ಇದು ಪತ್ತೆ ಮಾಡೋದಿಲ್ಲ ಅಂತ ಆಪಲ್ ತಾನೇ ಸ್ಪಷ್ಟವಾಗಿ ಬರೆದಿದೆ. ಆಸ್ಪತ್ರೆಯಲ್ಲಿ ಹನ್ನೆರಡು ಕೋನದಿಂದ ನೋಡುವುದನ್ನ ಇದು ಒಂದೇ ಕೋನದಿಂದ ನೋಡ್ತದೆ. ಎದೆ ನೋವು ಬಂದರೆ ವಾಚು ನೋಡ್ತಾ ಕೂರಬೇಡಿ. ಈಗ ಕಲಬುರಗಿಯಲ್ಲೇ ಜಯದೇವ ಹೃದಯ ಆಸ್ಪತ್ರೆ ಇದೆ, ಬೆಂಗಳೂರಿನ ತನಕ ಹೋಗಬೇಕಿಲ್ಲ.

ಇನ್ನು ನಾನು ಯಾವುದಕ್ಕೆ ತಗೊಂಡಿದ್ದೆನೋ ಆ ಕೆಲಸ. ಬಸ್ಸಿನಲ್ಲಿ ಕಂಬಿ ಹಿಡಿದ ಕೈಯ ಮಣಿಕಟ್ಟು ನನ್ನ ಕಣ್ಣಿನ ನೇರಕ್ಕೇ ಇರ್ತದೆ. ಗುರ್ ಅಂದರೆ ತಲೆ ಎತ್ತಿದರಾಯ್ತು, "ಅವ್ವ" ಅಂತ ಕನ್ನಡದಲ್ಲೇ ಹೆಸರು. ಹಸಿರು ಗುಂಡಿ ಒತ್ತಿ "ಬಸ್ಸಿನಾಗ ಇದ್ದೀನಿ, ಇಳಿದು ಮಾಡ್ತೀನಿ" ಅಂದರೆ ಮುಗೀತು. ಮೈಕು ಪರವಾಗಿಲ್ಲ, ಸ್ಪೀಕರ್ ಸಣ್ಣದು, ಬಸ್ಸಿನ ಸದ್ದಿನಲ್ಲಿ ಅವ್ವನ ಮಾತು ಅರ್ಧ ಕೇಳ್ತದೆ, ಆದರೆ ಪಕ್ಕದವರಿಗೆ ಪೂರ್ತಿ ಕೇಳ್ತದೆ. "ಹೊಲದ ಪಾಲಿಂದು ಏನಾತು?" ಅಂತ ಅವ್ವ ಕೇಳಿದ ದಿನದಿಂದ ಬಸ್ಸಿನಲ್ಲಿ ಎರಡು ಮಾತಿಗಿಂತ ಹೆಚ್ಚು ಮುಂದುವರಿಸೋದಿಲ್ಲ. ಫೋನ್ ಬ್ಯಾಗಿನಲ್ಲೇ ಇರಬೇಕು ಅನ್ನೋದೂ ನೆನಪಿರಲಿ: ಈ ದರದ ವಾಚಿಗೆ ಸ್ವಂತ ಸಿಮ್ ಇರೋದಿಲ್ಲ, ಬ್ಲೂಟೂತ್ ಅಳತೆ ದಾಟಿದರೆ ಕರೆ ಇಲ್ಲ. ತರಗತಿಯಲ್ಲಿದ್ದಾಗ ಎರಡು ಗೋಡೆ ಆಚೆ ಕಪಾಟಿನಲ್ಲಿದ್ದ ಫೋನ್ ಒಮ್ಮೆ ಸಿಗ್ತದೆ, ಒಮ್ಮೆ ಇಲ್ಲ. ಈಗ ಫೋನನ್ನ ಸೈಲೆಂಟ್ ಮಾಡಿ ತರಗತಿಯ ಟೇಬಲ್ಲಿನ ಡ್ರಾಯರಿನಲ್ಲಿ ಇಡ್ತೀನಿ. ಅವ್ವನ ನಂಬರ್ ಒಂದಕ್ಕೇ ಗುರ್ ಅನ್ನಲಿ, ಬೇರೆ ಎಲ್ಲ ಸುಮ್ಮನಿರಲಿ ಅಂತ ಹೊಂದಿಸಲಿಕ್ಕೆ ಬರ್ತದೆ. ಈ ವಾಚಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ಆದದ್ದು ಇದು, ಡಬ್ಬಿಯ ಮೇಲೆ ಬರೆದೇ ಇಲ್ಲ.

ಒಂದು ಕಡೆ ಇದು ಉಪಯೋಗಕ್ಕೇ ಬರೋದಿಲ್ಲ: ಪರೀಕ್ಷಾ ಕೊಠಡಿ. 2023ರ ಅಕ್ಟೋಬರ್‌ನಲ್ಲಿ ಕೆಇಎ ನಡೆಸಿದ ನೌಕರಿ ಪರೀಕ್ಷೆಯ ಬ್ಲೂಟೂತ್ ನಕಲು ಹಗರಣ ನಮ್ಮ ಕಲಬುರಗಿ, ಯಾದಗಿರಿ ಕೇಂದ್ರಗಳಲ್ಲೇ ಹೊರಬಿತ್ತಲ್ಲ, ಆಮೇಲೆ ಈ ಕಡೆ ಬ್ಲೂಟೂತ್ ಅಂದರೆ ಜನ ಕಣ್ಣು ಕಿರಿದು ಮಾಡಿ ನೋಡ್ತಾರೆ. ಪರೀಕ್ಷಾ ಡ್ಯೂಟಿ ದಿನ ಹಳೇ ಎಚ್‌ಎಂಟಿಯನ್ನೇ ಕಟ್ಟಿಕೊಂಡು ಹೋಗ್ತೀನಿ. ಅಪ್ಪನದು, ಕೀಲಿ ಕೊಡುವಂಥದ್ದು. ಆ ಕಂಪನಿ ಬೆಂಗಳೂರಿನಲ್ಲಿ ವಾಚು ಮಾಡಲಿಕ್ಕೆ ಶುರು ಮಾಡಿದ್ದು 1961ರಲ್ಲಿ. ಅದರ ಎಚ್‌ಎಂಟಿ ವಾಚಸ್ 2016ರಲ್ಲಿ ಬಾಗಿಲು ಹಾಕಿತು, ಅಪ್ಪನ ವಾಚು ಇನ್ನೂ ನಡೀತದೆ. ಸ್ಮಾರ್ಟ್‌ವಾಚಿಗೆ ಅಷ್ಟು ಆಯುಷ್ಯ ಇಲ್ಲ. ಅಂಟು ಹಾಕಿ ಮುಚ್ಚಿರ್ತಾರೆ, ಬ್ಯಾಟರಿ ಸತ್ತರೆ ಎರಡು-ಮೂರು ವರ್ಷಕ್ಕೆ ಕತೆ ಮುಗೀತು ಅಂತ ಲೆಕ್ಕ ಹಾಕಿಯೇ ತಗೊಳ್ಳಿ. ಎರಡೂವರೆ ಸಾವಿರವನ್ನ ಎರಡು ವರ್ಷಕ್ಕೆ ಹಂಚಿದರೆ ತಿಂಗಳಿಗೆ ನೂರು ಚಿಲ್ಲರೆ. ನನಗೆ ಅದು ಸರಿ ಅನ್ನಿಸ್ತದೆ.

ಹಂಗಾದರೆ ಇಪ್ಪತ್ತೈದು-ಮೂವತ್ತು ಸಾವಿರದ್ದು ಯಾರಿಗೆ? ವಯಸ್ಸಾದವರು ಒಬ್ಬರೇ ಇರುವ ಮನೆಗೆ ಅನ್ನಿಸ್ತದೆ. ಜೋರಾಗಿ ಬಿದ್ದು ಅಲ್ಲಾಡದಿದ್ದರೆ ತಾನೇ ತುರ್ತು ಕರೆ ಮಾಡುವ ಸೌಲಭ್ಯ ಆಪಲ್, ಸ್ಯಾಮ್‌ಸಂಗ್‌ನ ವಾಚುಗಳಲ್ಲಿದೆ. ಅವ್ವನಿಗೆ ಕೊಡಿಸುವ ಆಸೆ ಬಂದಿತ್ತು. ಆದರೆ ಆಪಲ್ ವಾಚಿಗೆ ಐಫೋನೇ ಬೇಕು, ಈಗಿನ ವೇರ್ ಓಎಸ್ ವಾಚಿಗೆ ಆಂಡ್ರಾಯ್ಡೇ ಬೇಕು. ಅವ್ವನ ಹತ್ತಿರ ಇರೋದು ಗುಂಡಿ ಒತ್ತುವ ಫೋನು. ಅಲ್ಲದೇ ಆ ವಾಚುಗಳು ಹೆಚ್ಚಿನವು ಒಂದೆರಡು ದಿನಕ್ಕೆ ಚಾರ್ಜ್ ಕೇಳ್ತಾವೆ. ನನ್ನದು ಕರೆ ಬರೋದು ಕಡಿಮೆ ಇದ್ದರೆ ಒಂದು ವಾರ ಬರ್ತದೆ. ಹಳ್ಳಿಯಲ್ಲಿ ಜೆಸ್ಕಾಂ ಕರೆಂಟ್ ಬಂದಾಗ ನೆನಪಿಟ್ಟು ಚಾರ್ಜಿಗೆ ಹಾಕು ಅಂತ ಅವ್ವನಿಗೆ ಹೇಳಿದರೆ ವಾಚನ್ನ ಹಿಟ್ಟಿನ ಡಬ್ಬಿಯೊಳಗೆ ಇಟ್ಟುಬಿಡ್ತಾಳೆ.

ತಗೊಳ್ಳುವವರು ಇಷ್ಟು ನೋಡಿಕೊಳ್ಳಿ. ಪಟ್ಟಿಯ ಅಗಲ 20 ಅಥವಾ 22 ಮಿಲಿಮೀಟರ್ ಇರಲಿ, ಯಾವ ವಾಚು ರಿಪೇರಿಯವರ ಹತ್ತಿರವೂ ಸಿಗ್ತದೆ. ಕಂಪನಿಯದೇ ವಿಚಿತ್ರ ಕೊಂಡಿ ಇದ್ದರೆ ಬೇಡ. ಡಬ್ಬಿಯ ಮೇಲೆ ಸರಕಾರದ ಗುಣಮಟ್ಟದ ಬಿಐಎಸ್ ಗುರುತು ಇರಲಿ. ಬಿಲ್ ಪಕ್ಕಾ ತಗೊಳ್ಳಿ, ಅಂಗಡಿಯ ಸೀಲು, ತಾರೀಖು ಸಹಿತ. ನಮ್ಮ ಸಾಲಿಯ ಇನ್ನೊಬ್ಬ ಟೀಚರ್‌ದು ಬೇರೆ ಕಂಪನಿಯ ವಾಚು, ವಾರಂಟಿ ಒಳಗೇ ತೆರೆ ಕಪ್ಪಾಯ್ತು. ಸರ್ವಿಸ್ ಸೆಂಟರ್ ಬೆಂಗಳೂರಿನಲ್ಲಿ, ಕೊರಿಯರ್ ಮಾಡಿ ಅಂದರು. 2024ರಲ್ಲಿ ಇಲ್ಲಿಂದ ಬೆಂಗಳೂರಿಗೆ ವಂದೇ ಭಾರತ್ ಬಂತು, ವಾಚು ಮಾತ್ರ ಎತ್ತಿನ ಗಾಡಿಯಲ್ಲಿ ಹೋದಂಗೆ ಹೋಗಿ ಬಂತು. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟ ಮೇಲೆ ಹೊಸದು ಕಳಿಸಿದರು. ಬಿಲ್ ಇದ್ದದ್ದಕ್ಕೆ ಆಯ್ತು.

ಇನ್ನು ದರ. ಡಬ್ಬಿಯ ಮೇಲೆ 7,999 ಅಂತ ಹೊಡೆದು, ಅದರ ಮೇಲೆ ಕೆಂಪು ಗೀಟು ಎಳೆದು 2,499 ಅಂತ ಬರೆದಿರ್ತಾರೆ. 7,999ಕ್ಕೆ ಅದನ್ನ ಯಾರೂ ಯಾವತ್ತೂ ತಗೊಂಡಿರೋದಿಲ್ಲ, ಉಳಿತಾಯದ ಲೆಕ್ಕ ಬಿಡಿ. ಅಲ್ಲೇ ನಿಂತು ಆನ್‌ಲೈನ್ ದರ ತೋರಿಸಿದರೆ ನಮ್ಮ ಅಂಗಡಿಯವರು ಇಳೀತಾರೆ. ನನಗೆ 2,300ಕ್ಕೆ ಕೊಟ್ಟ. ಎರಡನೇ ಚಾರ್ಜರ್ ಇದೆಯಾ ಅಂತ ಅವತ್ತೇ ಕೇಳಿ ತಗೊಳ್ಳಿ, ಈ ಆಯಸ್ಕಾಂತದ ಚಾರ್ಜರ್ ಒಂದರದು ಇನ್ನೊಂದಕ್ಕೆ ಕೂರೋದಿಲ್ಲ, ಮಾಡೆಲ್ ಹಳೇದಾದ ಮೇಲೆ ಹುಡುಕಿದರೂ ಸಿಗೋದಿಲ್ಲ. ಅಂಗಡಿಯ ಹುಡುಗ ಕಪಾಟಿನ ಹಿಂದಿನಿಂದ ಒಂದು ತೆಗೆದು, 250 ಅಂದ. 150ಕ್ಕೆ ಮುಗಿಸಿದೆ.